ಇಂದಿನಿಂದ ಇಂದಿನವರೆಗೆ

ಜೂನ್ 3

ಶ್ರೀಮದ್ ಅಖಂಡ ಮಾಹಿತಿಮಂಡಲಾಧೀಶ್ವರಿ, ಸಾಲು-ಕಂಬಗಳ ಸಾಮ್ರಾಜ್ಞಿ, ಫೋನ್ ಎತ್ತದಿರುವ ವ್ರತದಲ್ಲಿ ಅಚಲೆ, ನನಗಿಂತ ಆರು ವರ್ಷ ಮೊದಲೇ ಹುಟ್ಟಿ ಮನೆಯ ಪಾಲಿಗೆ ಬರಬೇಕಿದ್ದ ಒಳ್ಳೆಯ ಅಂಕಗಳನ್ನೆಲ್ಲ ಒಬ್ಬಳೇ ಬಾಚಿಕೊಂಡ ಅಕ್ಕನವರ ದಿವ್ಯ ಪಾದಗಳಿಗೆ, ಚಪ್ಪಲಿ ಸಹಿತ:

ಆಸ್ಪತ್ರೆಯ ಎದುರಿನ ಹನ್ನೆರಡು ಕೋಣೆಗಳ ಅತಿಥಿಗೃಹದಲ್ಲಿ ಕುಳಿತು, ರೋಗಿಗಳ ನೆಂಟರಿಗೆ ಬೀಗದ ಕೈಯನ್ನೂ ಹೊದಿಕೆಯನ್ನೂ ದಯಪಾಲಿಸುವ ಮಹತ್ಕಾರ್ಯದಲ್ಲಿ ತೊಡಗಿರುವ ತಮ್ಮನು ಮಾಡುವ ಅರಿಕೆ ಏನೆಂದರೆ, ನಾಲ್ಕು ವರ್ಷದ ಹಿಂದೆ ನೀನು ಎರಡು ಭಾನುವಾರ ಕೂತು ಬರೆದುಕೊಟ್ಟ ಕೋಣೆ ರಿಜಿಸ್ಟರಿನ ಪ್ರೋಗ್ರಾಮಿಗೆ ತೂತು ಬಿದ್ದಿದೆ.

ಒಂದೇ ಕೋಣೆಗೆ ಒಂದೇ ಸಮಯದಲ್ಲಿ ಇಬ್ಬರ ಹೆಸರು ಹಾಕಲು ಹೋದರೆ ಯಂತ್ರ ಕೆಂಪಕ್ಷರದಲ್ಲಿ ಬೈಯುತ್ತದೆ. ಅದು ನಿನ್ನ ಸ್ವಭಾವ, ಯಂತ್ರಕ್ಕೂ ಬಂದಿದೆ. ಆದರೆ ಬಂದ ತಾರೀಖು ಮತ್ತು ಹೊರಟ ತಾರೀಖು ಒಂದೇ ಆದರೆ ಅದು ಪರಮ ಶಾಂತವಾಗಿಬಿಡುತ್ತದೆ. ಒಂಬತ್ತನೇ ಕೋಣೆಯೊಂದರಲ್ಲೇ, ಒಂದೇ ದಿನ, ಮೂವರು ಚಕ್ರವರ್ತಿಗಳು, ಒಂದು ನಿವೃತ್ತ ಗುಡುಗು ಹಾಗೂ ಅದರ ಪರಿವಾರ, ಎಡಗಾಲಿನ ಚಪ್ಪಲಿ ಕಳೆದುಕೊಂಡ ಒಬ್ಬ ಸೇನಾಧಿಪತಿ, ಇಷ್ಟು ಜನ 'ಇಂದಿನಿಂದ ಇಂದಿನವರೆಗೆ' ತಂಗಿದ್ದಾರೆ. ಯಂತ್ರ ಚಕಾರವೆತ್ತಲಿಲ್ಲ. ಇವರನ್ನೆಲ್ಲ ಯಾರು ದಾಖಲಿಸಿದರು ಎಂಬುದು ಇಲ್ಲಿ ಅಪ್ರಸ್ತುತ.

ಪ್ರಸ್ತುತವಾದ ಸಂಗತಿ ಏನೆಂದರೆ, ಬರುವ ತಿಂಗಳು ಆಸ್ಪತ್ರೆಯವರು ರಿಜಿಸ್ಟರ್ ತಪಾಸಣೆಗೆ ಬರುತ್ತಾರೆ. ವಾರ್ಡನ್ ಮೇಡಂ ಕಣ್ಣಿಗೆ ನಿನ್ನೆ ಒಬ್ಬ ಚಕ್ರವರ್ತಿ ಬಿದ್ದ. "ಏನಪ್ಪಾ ಇದು? ಇವರಿಗೆ ದಿಂಬು ಕೊಟ್ಟಿದ್ದೀಯಾ?" ಎಂದರು. "ಅವರು ದಿಂಬು ಹಾಕ್ಕೊಳಲ್ಲ ಮೇಡಂ," ಎಂದೆ. ನಗಲಿಲ್ಲ. ಆದ್ದರಿಂದ ಈ ತೂತನ್ನು ಮುಚ್ಚುವ ಮಂತ್ರವನ್ನು ಕೂಡಲೇ ಕಳುಹಿಸಿ ನನ್ನ ಕೆಲಸ ಉಳಿಸಬೇಕು.

ಜನವರಿಯಿಂದ ನನ್ನ ಕರೆಗೆಲ್ಲ ನಿನ್ನಿಂದ ಬರುವುದು ಒಂದೇ ಮೆಸೇಜು: 'ಏನಿದ್ದರೂ ಕಾಗದದಲ್ಲಿ ಬರಿ.' ಬರೆದಿದ್ದೇನೆ. ಅಪ್ಪನ ಮಣ್ಣಿಗೆ ಬಂದವಳು ನನ್ನ ಮುಖ ಕೂಡ ನೋಡದೆ ಹೊರಟುಹೋದೆ. ಮೂವತ್ತು ವರ್ಷ ನಿಲ್ದಾಣದ ಮೈಕಿನಲ್ಲಿ ರೈಲುಗಳ ಹೆಸರು, ಹೊತ್ತು ಕೂಗಿದ ಮನುಷ್ಯನ ಮಕ್ಕಳು ನಾವು, ಒಬ್ಬರು ಕೂಗಿದರೆ ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಅವರು ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನ ನೀನು ಒಂದು ಸಲ ಬಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಇರಲಿ. ತೂತಿನ ವಿಷಯ ಬೇಗ ತಿಳಿಸು.

ಇಂತಿ ಪಾದಸೇವಕ,
ಗೂಡ್ಸ್ ಗಾಡಿ

(ಅಪ್ಪ ನನಗಿಟ್ಟ ಹೆಸರನ್ನು ನಾನೇ ಉಳಿಸಿಕೊಂಡು ಬಂದಿದ್ದೇನೆ. ನಿನಗಿಟ್ಟ ಹೆಸರನ್ನು ಕರೆಯುವವರು ಈಗ ಯಾರೂ ಇಲ್ಲವಾದ್ದರಿಂದ ಮೇಲೆ ಬಿರುದುಗಳಿಂದಲೇ ಸುಧಾರಿಸಿದ್ದೇನೆ.)

ಜೂನ್ 12

ತಮ್ಮ,

ನಿನ್ನ ಕಾಗದ ಬಂತು. ಬಿರುದುಗಳಿಗೆ ಒಂದು ಇಡೀ ಹಾಳೆ ಹಾಳು ಮಾಡಬೇಡ.

ತೂತು ನನ್ನದೇ. ಪ್ರೋಗ್ರಾಮು ಬರೆದಾಗ ಬಂದ ದಿನವನ್ನು ಲೆಕ್ಕಕ್ಕೆ ಸೇರಿಸಿದೆ, ಹೊರಡುವ ದಿನವನ್ನು ಸೇರಿಸಲಿಲ್ಲ. ಬೆಳಿಗ್ಗೆ ಒಬ್ಬರು ಖಾಲಿ ಮಾಡಿದ ಕೋಣೆಗೆ ಅದೇ ಮಧ್ಯಾಹ್ನ ಇನ್ನೊಬ್ಬರು ಬರಬಹುದಲ್ಲ, ಅದಕ್ಕೆ. ಹತ್ತರಿಂದ ಹನ್ನೆರಡು ಎಂದರೆ ಹತ್ತು, ಹನ್ನೊಂದು, ಎರಡು ದಿನ. ಹತ್ತರಿಂದ ಹತ್ತು ಎಂದರೆ ಒಂದು ದಿನವೂ ಇಲ್ಲ. ಅದು ಖಾಲಿ ಅವಧಿ.

ಯಂತ್ರ ಕೇಳುವ ಪ್ರಶ್ನೆ ಒಂದೇ: ಈ ಅವಧಿ ಆ ಅವಧಿಯ ಮೇಲೆ ಬೀಳುತ್ತದೆಯೇ? ಖಾಲಿ ಯಾವುದರ ಮೇಲೂ ಬೀಳುವುದಿಲ್ಲ. ಇನ್ನೊಂದು ಖಾಲಿಯ ಮೇಲೆ ಕೂಡ. ಹಾಗಾಗಿ ಒಂದೇ ಕೋಣೆಗೆ ನೂರು ಖಾಲಿಗಳನ್ನು ತುಂಬಿದರೂ ಅದಕ್ಕೆ ಬೈಯಲು ಕಾರಣ ಸಿಗುವುದಿಲ್ಲ. ಇನ್ನೊಂದು ವಿಷಯ. ಖಾಲಿ ಅವಧಿಗೆ ತನ್ನ ತಾರೀಖು ಕೂಡ ನೆನಪಿರುವುದಿಲ್ಲ. ಹತ್ತರಿಂದ ಹತ್ತಾದರೂ ಇಪ್ಪತ್ತರಿಂದ ಇಪ್ಪತ್ತಾದರೂ ಯಂತ್ರ ಬರೆದಿಡುವುದು ಒಂದೇ ಪದ, 'ಖಾಲಿ'. ಯಾರೋ ಬಂದರು, ಯಾವತ್ತೂ ಇರಲಿಲ್ಲ ಎಂದಷ್ಟೇ ಅರ್ಥ.

ಇನ್ನು ಮುಂದೆ ಖಾಲಿ ಅವಧಿಯನ್ನು ಒಪ್ಪಿಕೊಳ್ಳದ ಹಾಗೆ ಒಂದು ನಿಯಮ ಸೇರಿಸಬೇಕು. ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಆದರೆ ಹಳೆಯ ಖಾಲಿ ಸಾಲುಗಳು ಒಳಗಿರುವ ತನಕ ಆ ನಿಯಮ ಕೂರುವುದಿಲ್ಲ. ಹಾಗಂತ ಅವನ್ನು ಅಳಿಸಬೇಡ. ಎಲ್ಲ ನಿನ್ನ ಚಕ್ರವರ್ತಿಗಳೇ ಆಗಿರಬೇಕು ಎಂದೇನಿಲ್ಲ. ನಿಜವಾದ ಮನುಷ್ಯರೂ ಬೆಳಿಗ್ಗೆ ಬಂದು ಸಂಜೆಗೆ ಹೊರಟಿರಬಹುದು. ಮೊದಲು ಪಟ್ಟಿ ಕಳುಹಿಸು: ದಾಖಲಾದ ಕ್ರಮದಲ್ಲಿ, ಕೋಣೆ ಸಂಖ್ಯೆ, ಯಾವ ಮಂಚದ ರೋಗಿಯ ಕಡೆಯವರು, ಏನು ಸಂಬಂಧ. ಒಂಬತ್ತನೇ ಕೋಣೆಯದ್ದನ್ನು ವಿಶೇಷವಾಗಿ ನೋಡಿ ಬರಿ.

ಬೇರೆ ಮಾತಿಗೆ ಈಗ ಉತ್ತರ ಇಲ್ಲ.

ಅಕ್ಕ

ಜೂನ್ 20

ಖಾಲಿತನದ ಮೇಲೆ ಇಷ್ಟು ಸೊಗಸಾದ ಪ್ರವಚನ ಕೊಟ್ಟ ಪರಮಪೂಜ್ಯ ಅಕ್ಕಯ್ಯನವರ ಸನ್ನಿಧಿಗೆ:

ಪಟ್ಟಿ ಜೊತೆಗಿಟ್ಟಿದ್ದೇನೆ. ಒಟ್ಟು ಅರವತ್ತೊಂದು ಖಾಲಿಗಳು. ಒಂಬತ್ತನೇ ಕೋಣೆಯಲ್ಲಿ ಹದಿನೇಳು. ನಿನ್ನ ಆಜ್ಞೆಯಂತೆ ಒಬ್ಬೊಬ್ಬರನ್ನೂ ಮುಖ ಮುಖ ನೋಡಿ ವಿಚಾರಿಸಿದೆ. ಅರವತ್ತೊಂದರಲ್ಲಿ ಉಸಿರಾಡುವವರು ಇಬ್ಬರೇ: ನಾಲ್ಕನೇ ಕೋಣೆಗೆ ಬಂದು, ಜಿರಳೆ ನೋಡಿ ಹತ್ತು ನಿಮಿಷಕ್ಕೆ ಓಡಿದ ದಂಪತಿ. ಉಳಿದವರೆಲ್ಲ ನನ್ನ ಮತ್ತು ಲಿಫ್ಟಣ್ಣನ ಮಾನಸಪುತ್ರರು. ಲಿಫ್ಟಣ್ಣ ಅಂದರೆ ಆಸ್ಪತ್ರೆಯ ಲಿಫ್ಟ್ ಆಪರೇಟರು. ಮಧ್ಯಾಹ್ನ ಇಲ್ಲಿಗೆ ಟೀ ಕುಡಿಯಲು ಬರುತ್ತಿದ್ದ. ನನ್ನಿಂದಲೇ ಈ ವಿದ್ಯೆ ಕಲಿತು ನನಗೇ ತಿರುಗಿಸಿದ. ಪಟ್ಟಿಯಲ್ಲಿ ನಲವತ್ತನೆಯದು ನೋಡು: 'ಗೂಡ್ಸ್ ಗಾಡಿಯ ಬುದ್ಧಿ. ಕೋಣೆ 9. ಖಾಲಿ.'

ನೀನು ತಪ್ಪು ಹುಡುಕುವ ಕಣ್ಣಿನಲ್ಲೇ ನೋಡುತ್ತೀಯ ಎಂದು ಗೊತ್ತು. ಆದ್ದರಿಂದ ಈ ಮಹನೀಯರು ಏಕೆ ಹುಟ್ಟಿದರು ಎಂದು ಹೇಳಿಬಿಡುತ್ತೇನೆ. ಡಿಸೆಂಬರ್ ಕೊನೆಯ ದಿನ ಅಪ್ಪನ ಗಂಟಲಿನ ಆಪರೇಷನ್ ಆಯಿತಲ್ಲ, ಆಮೇಲೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಗೋಡೆ ನೋಡುತ್ತ ಮಲಗಿರುತ್ತಿದ್ದರು. ಒಂದು ದಿನ ಸುಮ್ಮನೆ ನಾಲ್ಕು ಹೆಸರು ಹಾಕಿ, ಪ್ರಿಂಟು ತೆಗೆದುಕೊಂಡು ಹೋಗಿ, ಅವರದೇ ಧಾಟಿಯಲ್ಲಿ ಓದಿದೆ: "ಪ್ರಯಾಣಿಕರ ಗಮನಕ್ಕೆ. ಒಂಬತ್ತನೇ ಕೋಣೆಯಲ್ಲಿ ತಂಗಿದ್ದ ನಿವೃತ್ತ ಗುಡುಗು ಅನಿವಾರ್ಯ ಕಾರಣಗಳಿಂದ ಇಂದೇ ಹೊರಟಿರುತ್ತದೆ." ಅಪ್ಪನ ಭುಜ ಕುಲುಕತೊಡಗಿತು. ನನಗೆ ಗಾಬರಿ. ನೋಡಿದರೆ ನಗು. ಆಮೇಲೆ ದಿನಾ ಸಂಜೆ ನಾಲ್ಕಕ್ಕೆ ಅದೇ ಕೆಲಸ. ಹಿಂದಿನ ದಿನದಿಂದ ಸೇರಿದ ಖಾಲಿಗಳ ಪಟ್ಟಿ ತೆಗೆಯುವುದು, ಹೋಗಿ ಕೂಗುವುದು.

ನಾನು ದಡ್ಡನಿರಬಹುದು. ಆದರೆ ಕರೆದರೂ ಬರದವರು ಇದ್ದ ಮನೆಯಲ್ಲಿ, ಕರೆಯದೆ ಬಂದ ಅರವತ್ತು ಜನ ಅಪ್ಪನನ್ನು ನಗಿಸಿದರು.

ಇನ್ನು ಇವರನ್ನು ಅಳಿಸಲು ಅಪ್ಪಣೆಯಾಗಬೇಕು. ತಪಾಸಣೆಗೆ ಎರಡು ವಾರ ಉಳಿದಿದೆ.

ಗೂಡ್ಸ್ ಗಾಡಿ

ಜೂನ್ 27

ತಮ್ಮ,

ಪಟ್ಟಿಯನ್ನು ಮೂರು ಸಲ ಓದಿದೆ. ಇದರಲ್ಲಿ ಒಂದು ಸಾಲು ಇಲ್ಲ.

ಮೊದಲೇ ಏನಾದರೂ ಅಳಿಸಿದ್ದೀಯಾ? ಜನವರಿಯಲ್ಲಿ? ತಮಾಷೆ ಬಿಟ್ಟು ಉತ್ತರ ಬರಿ.

'ಕರೆದರೂ' ಎಂದು ಬರೆದಿದ್ದೀಯಲ್ಲ, ಆ ಪದ ಬರೆಯಲು ನಿನಗೆ ಕೈ ಹೇಗೆ ಬಂತು?

ಅಕ್ಕ

ಜುಲೈ 4

ಅಕ್ಕ,

ತಮಾಷೆ ಬಿಡು ಎಂದಿದ್ದೀಯ, ಬಿಟ್ಟಿದ್ದೇನೆ. ನನಗೆ ಇದು ಬಲಗೈಯಲ್ಲಿ ಬರೆಯುವವನಿಗೆ ಎಡಗೈ ಕೊಟ್ಟ ಹಾಗೆ, ಆದರೂ ಪ್ರಯತ್ನಿಸುತ್ತೇನೆ.

ಹೌದು, ಒಂದೇ ಒಂದು ಸಾಲು ಅಳಿಸಿದ್ದೆ. ನಿನಗೆ ಅದು ಹೇಗೆ ಗೊತ್ತಾಯಿತೋ ಅರ್ಥವಾಗಲಿಲ್ಲ. ಸಂಖ್ಯೆಗಳ ನಡುವೆ ಒಂದು ಬಿಟ್ಟುಹೋಗಿದ್ದು ನೋಡಿ ಹಿಡಿದಿರಬೇಕು.

ಜನವರಿ ಹತ್ತೊಂಬತ್ತರ ಸಂಜೆ ಪಟ್ಟಿ ತೆಗೆದಾಗ ಮೊದಲ ಸಾಲು ಹೀಗಿತ್ತು: 'ಕೋಣೆ 9. ಮಂಚ 31. ಮಗಳು. ಖಾಲಿ.' ಮೂವತ್ತೊಂದು ಅಪ್ಪನ ಮಂಚ. ನಾನು ಹಾಕಿದ್ದಲ್ಲ. ಇನ್ನು ಯಾರು, ಲಿಫ್ಟಣ್ಣನೇ. ವಾರ್ಡಿಗೆ ಹೋಗುವಾಗ ಕಾಗದ ಕೈಯಲ್ಲಿತ್ತು, ಲಿಫ್ಟಿನಲ್ಲೇ ಅವನ ಕುತ್ತಿಗೆಪಟ್ಟಿ ಹಿಡಿದೆ. "ಯಾರ ಮೇಲೆ ತಮಾಷೆ ಮಾಡ್ಬೇಕು ಅನ್ನೋದು ಗೊತ್ತಾಗಲ್ವಾ ನಿಂಗೆ?" ಎಂದೆ. "ಏನಪ್ಪಾ ಮಾಡ್ದೆ ನಾನು?" ಎಂದ. "ಆ ಮಗಳು ಬರಲ್ಲ ಅಂತ ಆಸ್ಪತ್ರೆಗೆಲ್ಲಾ ಗೊತ್ತು, ಅದನ್ನೂ ಆಡ್ಕೋತೀಯಾ?" ಎಂದೆ. ಅವನು ಮೂರನೇ ಮಹಡಿ ಬರುವ ತನಕ ನನ್ನ ಮುಖವನ್ನೇ ನೋಡುತ್ತಿದ್ದ. ಬಾಗಿಲು ತೆಗೆದ. ಅಂದಿನಿಂದ ಇಲ್ಲಿಗೆ ಟೀಗೆ ಬಂದಿಲ್ಲ.

ಅವತ್ತು ಅಪ್ಪನಿಗೆ ಆ ಸಾಲನ್ನು ಹಾರಿಸಿ ಎರಡನೆಯದರಿಂದ ಓದಿದೆ. ಅವರು ಕಾಗದದ ಕಡೆ ಬೆರಳು ತೋರಿಸಿದರು, ಮೊದಲನೆಯದು ಏಕೆ ಬಿಟ್ಟೆ ಎನ್ನುವ ಹಾಗೆ. "ಅಚ್ಚು ಸರಿಯಾಗಿ ಬಿದ್ದಿಲ್ಲ ಅಪ್ಪಾ," ಎಂದೆ. ಅದನ್ನು ಓದಿದರೆ ಅವರಿಗೆ ಎಷ್ಟು ನೋವಾದೀತು ಎಂದು ಹಾಗೆ ಮಾಡಿದೆ. ಕೆಳಗೆ ಬಂದವನೇ ಸಾಲನ್ನು ಅಳಿಸಿದೆ. ಎಂಟು ದಿನದ ನಂತರ ಅಪ್ಪ ಹೋದರು.

ಇದಿಷ್ಟೇ. ಒಂದು ಕೆಟ್ಟ ತಮಾಷೆಯನ್ನು ಅಳಿಸಿದ್ದು ತಪ್ಪಾದರೆ ತಪ್ಪಾಯಿತು. ನೀನು ಅದರ ಬಗ್ಗೆ ಏಕೆ ಇಷ್ಟು ಕೇಳುತ್ತಿದ್ದೀಯ?

ತಮ್ಮ

ಜುಲೈ 30

ತಮ್ಮ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಅದಕ್ಕೇ ಇಷ್ಟು ದಿನವಾಯಿತು.

ಲಿಫ್ಟಣ್ಣನ ಹತ್ತಿರ ಹೋಗಿ ಕ್ಷಮೆ ಕೇಳು. ಆ ಸಾಲು ಅವನದಲ್ಲ. ಬೆಳಗಿನ ಪಾಳಿಯಲ್ಲಿ ಕೂರುವ ಕನ್ನಡಕದ ಆಂಟಿ ಹಾಕಿದ್ದು. "ಏನಾಗ್ಬೇಕಮ್ಮ ಪೇಷಂಟಿಗೆ?" ಎಂದು ಕೇಳಿದರು. "ಮಗಳು" ಎಂದೆ. ಹೆಸರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ಬಂದಿದ್ದೆ.

ಜನವರಿ ಹದಿನೇಳರ ಸಂಜೆ ಫೋನ್ ಬಂತು. ನಿನ್ನ ನಂಬರಿನಿಂದ, ಅಪ್ಪನ ದನಿಯಲ್ಲಿ. "ಮೊದಲ ಗಾಡಿ, ಒಮ್ಮೆ ಬಾ" ಎಂದಷ್ಟೇ ಹೇಳಿ ಇಟ್ಟುಬಿಟ್ಟಿತು. ಏಳು ವರ್ಷವಾಗಿತ್ತು ಅಪ್ಪ ನನಗಿಟ್ಟ ಆ ಹೆಸರು ಕೇಳಿ. ನಮ್ಮ ಕಂಪನಿಯ ಯಂತ್ರ ನಿಲ್ದಾಣದಲ್ಲಿ ರೈಲು ಕೂಗಲು ಶುರುಮಾಡಿದ ಮೇಲೆ ಅಪ್ಪನನ್ನು ಅವಧಿಗೆ ಮುಂಚೆ ಮನೆಗೆ ಕಳಿಸಿದರಲ್ಲ, ಆವತ್ತು ಅಡುಗೆಮನೆಯಲ್ಲಿ ನಿಂತು ನಾನು ಏನು ಹೇಳಿದೆ ನಿನಗೆ ನೆನಪಿರಬಹುದು. "ಯಂತ್ರಕ್ಕೆ ಗಂಟಲು ನೋವು ಬರಲ್ಲ ಅಪ್ಪಾ." ಅದಾದ ಮೇಲೆ ಅವರು ನನ್ನ ಜೊತೆ ಮಾತಾಡಿದ್ದೇ ಇಲ್ಲ. ಅವರ ಗಂಟಲಿಗೇ ಕಾಯಿಲೆ ಬಂದಿದೆ ಎಂದು ನೀನು ತಿಳಿಸಿದಾಗ ನನಗೆ ಅವರ ಮುಂದೆ ನಿಲ್ಲುವ ಧೈರ್ಯ ಇರಲಿಲ್ಲ. ಆಪರೇಷನ್ ಆಯಿತು ಎಂದಷ್ಟೇ ಗೊತ್ತಿತ್ತು. ದನಿ ಹೋಗಿದೆ ಎಂದು ನೀನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆ ಒಂದು ಹೆಸರಿಗಾಗಿ ಅದೇ ರಾತ್ರಿಯ ಬಸ್ ಹತ್ತಿದೆ. ಬೆಳಿಗ್ಗೆ ಒಂಬತ್ತನೇ ಕೋಣೆಯಲ್ಲಿ ಚೀಲ ಇಟ್ಟು ಮುಖ ತೊಳೆದೆ. ಕಿಟಕಿಯ ಹತ್ತಿರ ಒಂದು ಕಾಲು ಗಿಡ್ಡ ಇರುವ ಕುರ್ಚಿ ಇದೆಯಲ್ಲ, ಅದರಲ್ಲಿ ಕೂತು ಮೊದಲ ಮಾತು ಏನಾಡಬೇಕು ಎಂದು ಯೋಚಿಸುತ್ತ ಮಧ್ಯಾಹ್ನ ಕಳೆದೆ. ಸಂಜೆ ನಾಲ್ಕಕ್ಕೆ ಮೂರನೇ ಮಹಡಿಗೆ ಬಂದೆ. ವಾರ್ಡಿನ ಬಾಗಿಲಲ್ಲಿದ್ದ ನರ್ಸಿಗೆ, "ಮೂವತ್ತೊಂದರವರು ನಿನ್ನೆ ಫೋನ್ ಮಾಡಿ ಕರೆದಿದ್ದರು" ಎಂದೆ. ಆಕೆ ನನ್ನನ್ನೊಮ್ಮೆ ನೋಡಿ, "ಅವ್ರಾ? ಅವ್ರಿಗೆ ಮಾತು ಹೋಗಿ ಹದಿನೆಂಟು ದಿನ ಆಯ್ತಲ್ಲಮ್ಮ," ಎಂದಳು.

ಚಿಕ್ಕಂದಿನಿಂದ ನೀನು ಅಪ್ಪನ ದನಿ ತೆಗೆದು ನನ್ನನ್ನು ಎಷ್ಟು ಸಲ ನಿದ್ದೆಯಿಂದ ಎಬ್ಬಿಸಿಲ್ಲ. ಗಾಜಿನಲ್ಲಿ ಇಣುಕಿದೆ. ನೀನು ಕೈಯಲ್ಲಿ ಕಾಗದ ಹಿಡಿದು ಏನೋ ಹೇಳುತ್ತಿದ್ದೆ, ಅಪ್ಪನ ಭುಜ ಕುಲುಕುತ್ತಿತ್ತು. ಇಬ್ಬರೂ ನಗುತ್ತಿದ್ದಿರಿ. ನಾನು ಮೋಸ ಹೋಗಿ ಬಂದದ್ದಕ್ಕೆ ನಗುತ್ತಿದ್ದೀರಿ ಎಂದುಕೊಂಡೆ. ಕೆಳಗೆ ಹೋಗಿ, ಪಾಳಿ ಮುಗಿಸಿ ಹೊರಡುತ್ತಿದ್ದ ಆಂಟಿಗೆ ಬೀಗದ ಕೈ ಕೊಟ್ಟೆ. ಅವರು ಹೊರಟ ತಾರೀಖು ಒತ್ತಿದರು. ಅಲ್ಲಿಗೆ ನಾನು ಖಾಲಿಯಾದೆ.

ನಿನ್ನ ಫೋನ್ ಎತ್ತದಿರುವುದು ಅದಕ್ಕೇ. ಕಾಗದದಲ್ಲಿ ನಿನಗೆ ಬೇರೆಯವರ ದನಿ ತೆಗೆಯಲು ಬರುವುದಿಲ್ಲ.

ನೀನು ಪಟ್ಟಿಯ ಕಥೆ ಬರೆದ ಮೇಲೆ ಆ ನಗು ಯಾತಕ್ಕೆ ಎಂದು ಗೊತ್ತಾಯಿತು. ಬಾಗಿಲು ತಳ್ಳಿ ಮೂರು ಹೆಜ್ಜೆ ಇಟ್ಟಿದ್ದರೆ ನಾನೂ ಆ ಗುಡುಗಿನ ಸಂಸಾರಕ್ಕೆ ನಗುತ್ತಿದ್ದೆ. ಇಡಲಿಲ್ಲ. ಆಮೇಲೆ, ರಿಜಿಸ್ಟರಿನಲ್ಲಾದರೂ ನಾನು ಬಂದದ್ದು ಇರುತ್ತದೆ ಎಂದು ಆಸೆಪಟ್ಟೆ. ಯಾರಿಗೆ ತೋರಿಸಲೆಂದು ಆಸೆಪಟ್ಟೆನೋ ಗೊತ್ತಿಲ್ಲ. ಬಂದು ಹೋದವಳನ್ನು ಬಂದೇ ಇಲ್ಲ ಎನ್ನುವ ನಿಯಮ ಬರೆದವಳೂ ನಾನೇ.

ಒಂದು ಮಾತು ಮಾತ್ರ ಹೇಳು. ಅಪ್ಪ ನನ್ನನ್ನು ಕರೆಯಲೇ ಇಲ್ಲ ಅಲ್ಲವೇ?

ಅಕ್ಕ

ಆಗಸ್ಟ್ 7

ಅಕ್ಕ,

ಇವತ್ತು ಬಿರುದು ಇಲ್ಲ.

ನಿನ್ನ ಕಾಗದ ಬಂದ ದಿನ ಆಸ್ಪತ್ರೆಗೆ ಹೋದೆ. ಲಿಫ್ಟಣ್ಣ ನನ್ನನ್ನು ನೋಡಿ, "ಯಾವ ಫ್ಲೋರು ಸಾರ್?" ಎಂದ. ಅವನು ನನಗೆ ಸಾರ್ ಎಂದದ್ದು ಜೀವಮಾನದಲ್ಲಿ ಅದೇ ಮೊದಲು. ಅವನ ಜೊತೆ ನಾಲ್ಕು ಸಲ ಮೇಲೆ ಕೆಳಗೆ ಹೋಗಿಬಂದು ಎಲ್ಲ ಹೇಳಿದೆ. ಕೊನೆಗೆ, "ಆಯ್ತು ಮಾರಾಯ, ಇಳಿ. ಜನ ಕಾಯ್ತಿದಾರೆ," ಎಂದ. ಸಂಜೆ ಟೀಗೆ ಬಂದ. ಕುಡಿದ. ಸಾಲು ಯಾವುದನ್ನೂ ಬರೆಯಲಿಲ್ಲ.

ಆಮೇಲೆ ಬೆಳಗಿನ ಪಾಳಿಯ ಆಂಟಿಯನ್ನು ಕೇಳಿದೆ. "ಹಸಿರು ಚೀಲ ಹಾಕ್ಕೊಂಡು ಬಂದಿದ್ರಲ್ಲ? ಪಾಪ, ಹೊದಿಕೆ ಬಿಚ್ಚೇ ಇರ್ಲಿಲ್ಲ," ಎಂದರು. ನನಗೆ ಹೇಳಬಾರದಿತ್ತೇ ಎಂದರೆ, "ನಿನ್ ಅಕ್ಕ ಅಂತ ನಂಗೇನು ಗೊತ್ತಪ್ಪಾ, ಇಬ್ರ ಮುಖಕ್ಕೂ ಏನ್ ಹೋಲಿಕೆ ಇದೆ?" ಎಂದರು.

ನೀನು ಕೇಳಿದ್ದಕ್ಕೆ ಉತ್ತರ. ಅಪ್ಪ ಕರೆದಿದ್ದರು. ಜನವರಿ ಹದಿನೇಳರ ಸಂಜೆ ಪಟ್ಟಿ ಓದಿ ಮುಗಿಸಿದ ಮೇಲೆ ಸ್ಲೇಟು ಕೇಳಿ ತೆಗೆದುಕೊಂಡು ಬರೆದರು, ಬಾಗಿಲ ಕಡೆ ಕೈ ಮಾಡಿದರು. ನಾನು ವಾರ್ಡಿನ ಹೊರಗೆ ಬಂದು ಫೋನ್ ಹಚ್ಚಿದೆ. ನನ್ನ ದನಿಯಲ್ಲಿ ಹೇಳಿದರೆ ನೀನು ತಮಾಷೆ ಎಂದುಕೊಳ್ಳುತ್ತೀಯ ಎಂದು ಅವರ ದನಿಯಲ್ಲಿ ಹೇಳಿದೆ. ದನಿ ಸುಳ್ಳು, ಕರೆ ನಿಜ. ನನ್ನ ಆಯುಷ್ಯದಲ್ಲಿ ನಾನು ತಮಾಷೆಗಾಗಿ ಮಾಡದ ಮಿಮಿಕ್ರಿ ಅದೊಂದೇ. ನೀನು ಬರಲಿಲ್ಲ ಎಂದುಕೊಂಡು ಆರು ತಿಂಗಳು ನಿನ್ನ ಮೇಲೆ ಹಲ್ಲು ಕಡಿದೆ. ಅಪ್ಪ ಕೊನೆಯ ತನಕ ದಿನಾ 'ಬಂದಳಾ?' ಎಂದು ಬರೆಯುತ್ತಿದ್ದರು, ನಾನು ದಿನಾ ಇಲ್ಲ ಎಂದು ತಲೆ ಆಡಿಸುತ್ತಿದ್ದೆ. ಹತ್ತೊಂಬತ್ತರ ಸಂಜೆಯೂ ಆಡಿಸಿದೆ, ನೀನು ಬಂದದ್ದು ಅಚ್ಚಾಗಿದ್ದ ಕಾಗದವನ್ನು ಕೈಯಲ್ಲೇ ಹಿಡಿದುಕೊಂಡು.

ತಪಾಸಣೆ ಮುಗಿಯಿತು. ನಿನ್ನ ಕಾಗದ ಬರುವ ಮುಂಚೆಯೇ ವಾರ್ಡನ್ ಮೇಡಂ ಎದುರು ಕೂತು ಅಷ್ಟೂ ಚಕ್ರವರ್ತಿಗಳನ್ನು ನಾನೇ ಅಳಿಸಿದೆ. ಜಿರಳೆ ದಂಪತಿಯನ್ನು ಬಿಟ್ಟೆ. ಮೇಡಂ ಒಂದು ಎಚ್ಚರಿಕೆ ಪತ್ರ ಕೊಟ್ಟರು, ಕೆಲಸ ಉಳಿಯಿತು. ಮೊನ್ನೆ ನಿನ್ನ ನಿಯಮ ಹಾಕಿದೆ. ಹಾಕುವ ಮುಂಚೆ ಒಂದು ಬದಲಾವಣೆ ಮಾಡಿದೆ, ಒಪ್ಪುತ್ತೀಯೋ ಇಲ್ಲವೋ: ತಾರೀಖಿನ ಜೊತೆ ಗಂಟೆಯನ್ನೂ ಬರೆಯುವ ಹಾಗೆ. ದಂಪತಿಗೆ ಹತ್ತು ನಿಮಿಷ ಸಿಕ್ಕಿತು. ಆಮೇಲೆ ಆಂಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೇಡಂ ಒಪ್ಪಿಗೆ ತೆಗೆದುಕೊಂಡು, ಒಂದು ಸಾಲು ಸೇರಿಸಿದೆ. 'ಕೋಣೆ 9. ಮಂಚ 31. ಮಗಳು. ಜನವರಿ 18, ಬೆಳಿಗ್ಗೆ 9.40ರಿಂದ ಸಂಜೆ 4.25ರವರೆಗೆ.' ಯಂತ್ರ ಅದನ್ನು ಖಾಲಿ ಎನ್ನಲಿಲ್ಲ. ಆರು ಗಂಟೆ ನಲವತ್ತೈದು ನಿಮಿಷ, ಆ ಕೋಣೆಗೆ ಇನ್ನು ಯಾವ ಚಕ್ರವರ್ತಿ ಬಂದರೂ ಬೈಯುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಕಾಗದದಲ್ಲಿ ಬೇರೆಯವರ ದನಿ ತೆಗೆಯಲು ಬರುವುದಿಲ್ಲ ಎಂದಿದ್ದೀಯ.

ಸ್ಲೇಟಿನಲ್ಲಿ ಇದ್ದದ್ದು 'ಅವಳಿಗೆ ಬರಲು ಹೇಳು' ಎಂದಷ್ಟೇ. 'ಮೊದಲ ಗಾಡಿ' ಅಂತ ಸೇರಿಸಿದ್ದು ನಾನು.

ತಮ್ಮ